ಪಟ್ಟಿಮಾವನೂ ಸೊಟ್ಟಗಾಲಿನ ಸಾಹೇಬರೂ

ಎಲುಬಿಲ್ಲದ ನಾಲಿಗೆಗೆ ಪಟ್ಟಿ ಕಟ್ಟುವವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಪಟ್ಟಿಮಾವ ಮೊದಲು ತಮ್ಮ ಕಟ್ಟಡದ ಮೂರೂ ಮಹಡಿಗೆ ಕಟ್ಟಿಸುತ್ತಿದ್ದರು. “ಅವರ ಮನೇಲಿ ಚಿರತೆ ಸಾಕಿದ್ದಾರಂತೆ” ಎಂದು ಕೆಳಮನೆಯಾಕೆ ಶುರು ಮಾಡಿದರೆ, “ಹೂಂ, ಅದಕ್ಕೆ ಪೌಡರ್ ಹಚ್ಚಿದ ಹುಳ ತಿನ್ನಿಸ್ತಾರೆ, ಮಿಕ್ಕಿದ್ದು ತಾವು ತಿಂತಾರೆ” ಎಂದು ಮೇಲ್ಮನೆಯವರು ಉಪ್ಪುಖಾರ ಹಚ್ಚುತ್ತಿದ್ದರು.

ಮಾವ ದೊಡ್ಡಾಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಮುರಿದ ಕೈಕಾಲಿಗೆ ಪಟ್ಟಿ ಸುತ್ತುತ್ತಿದ್ದವರು. ಬಂದವರಿಗೆಲ್ಲ ಒಂದೇ ಉಪದೇಶ: “ಹಾಲು ಕುಡಿ, ಬಿಸಿಲಿಗೆ ಹೋಗು.” ಚಿರತೆ ಎಂದರೆ ಅವರ ತಂಗಿ ತಂದಿಟ್ಟ ಗೇಣುದ್ದದ ಸಾಕುಹಲ್ಲಿ. ಹಳದಿ ಮೈಗೆ ಕರಿ ಚುಕ್ಕೆ ಚೆಲ್ಲಿದ್ದರಿಂದ ಅಂಗಡಿಯವರು ಅದನ್ನು ಲೆಪರ್ಡ್ ಗೆಕೊ ಅನ್ನುತ್ತಾರೆ. “ಅಣ್ಣಾ, ಹದಿನೈದು ದಿನ ಅಷ್ಟೇ, ಬೇರೆ ಮನೆ ಸಿಕ್ಕಿದ ತಕ್ಷಣ ತಗೊಂಡು ಹೋಗ್ತೀನಿ” ಎಂದಿದ್ದಳು ತಂಗಿ. ಆ ಹದಿನೈದು ದಿನ ಹನ್ನೊಂದು ವರ್ಷ ನಡೆಯಿತು.

ಅದು ಗೋಡೆ ಹತ್ತುವುದಿಲ್ಲ, ಲೊಚಗುಟ್ಟುವುದಿಲ್ಲ. ಹಗಲೆಲ್ಲ ಗಾಜಿನ ಪೆಟ್ಟಿಗೆಯ ಗುಹೆಯಲ್ಲಿ ಮಲಗಿ, ಹೊತ್ತು ಮುಳುಗುವಾಗ ಎದ್ದು, ರೆಪ್ಪೆ ಬಡಿದು ಎಲ್ಲರನ್ನೂ ದುರುಗುಟ್ಟುತ್ತದೆ. “ಇದು ಹಲ್ಲಿ ಅಲ್ಲ ರೀ, ಸಾಹೇಬ್ರು. ಹಗಲೆಲ್ಲ ನಿದ್ದೆ, ಎದ್ದ ಮೇಲೆ ಸಿಟ್ಟು” ಎಂದು ಮಾವನ ಹೆಂಡತಿ ಹೆಸರಿಟ್ಟರು. ಹೆಸರಿಟ್ಟರೇ ಹೊರತು ಅದರ ಊಟದ ಜೀರುಂಡೆಗಳನ್ನು ಮುಟ್ಟಲಿಲ್ಲ. “ಹುಳ ಹಿಡಿಯೋಕೆ ನಮ್ಮಪ್ಪ ನನ್ನ ಮದುವೆ ಮಾಡಿಕೊಟ್ಟಿಲ್ಲ.”

ಆದರೆ ಎರಡನೆಯ ವರ್ಷ ಅದರ ನಡಿಗೆ ಕೆಟ್ಟದ್ದು ಮೊದಲು ಕಂಡಿದ್ದು ಅವರ ಕಣ್ಣಿಗೇ.

“ಏನ್ರೀ, ಸಾಹೇಬ್ರು ಮೊದಲು ಹೊಟ್ಟೆ ಎತ್ತಿ ನಡೀತಿದ್ರು. ಈಗ ನೆಲ ಒರೆಸ್ಕೊಂಡು ಹೋಗ್ತಿದಾರೆ.”

“ವಯಸ್ಸಾಯ್ತು.”

“ಎರಡು ವರ್ಷಕ್ಕೆ ವಯಸ್ಸಾಯ್ತಾ? ಹಾಗಾದ್ರೆ ನಿಮ್ಮನ್ನ ಎಲ್ಲಿಡೋಣ?”

ಮಾವ ಕನ್ನಡಕ ಏರಿಸಿ ನೋಡಿದರು. ಮುಂಗಾಲು ಬಾಗಿದೆ, ಬೆರಳು ನಡುಗುತ್ತಿದೆ. ಮುರಿದಿದೆ ಎಂದು ತೀರ್ಪು ಕೊಟ್ಟು, ಅರ್ಧ ಬೆಂಕಿಕಡ್ಡಿ ಇಟ್ಟು, ಹತ್ತಿ ಸುತ್ತಿ, ಜಗತ್ತಿನಲ್ಲೇ ಅತಿ ಚಿಕ್ಕ ಪಟ್ಟಿ ಕಟ್ಟಿದರು. ಸಾಹೇಬರು ಕಡ್ಡಿಯನ್ನೊಮ್ಮೆ, ಮಾವನನ್ನೊಮ್ಮೆ ನೋಡಿ, ಸಂಜೆಯೊಳಗೆ ಅದನ್ನು ಕಿತ್ತೆಸೆದರು. ನಾಲ್ಕನೆಯ ದಿನ ಒಂದು ಜೀರುಂಡೆ ಅವರ ಬೆನ್ನ ಮೇಲೆಯೇ ಹತ್ತಿ ಕೂತು ಮೀಸೆ ತೀಡಿಕೊಂಡಿತು. ಹಿಡಿಯಲು ದವಡೆಯಲ್ಲಿ ಬಲವಿಲ್ಲ. ಮಾವ ಹೆಂಡತಿಯನ್ನು ಕೂಗಿ ಚಪ್ಪಲಿ ಮೆಟ್ಟಿದರು. ಊರಿನ ಎಲುಬನ್ನೆಲ್ಲ ನೆಟ್ಟಗೆ ಮಾಡಿದವನ ಮನೆಯಲ್ಲೇ ಎಲುಬಿಗೆ ಗತಿಯಿಲ್ಲದೆ ಒಂದು ಜೀವ ಹೋದರೆ ಮುಖ ಎಲ್ಲಿಡುವುದು? ತಂಗಿಗೆ ಏನು ಹೇಳುವುದು?

ಪ್ರಾಣಿಗಳ ಡಾಕ್ಟರು ಎಕ್ಸ್‌ರೇ ತೆಗೆದರು. ಮಾವ ಅಭ್ಯಾಸಬಲದಿಂದ ತಾವೇ ಅದನ್ನು ಬೆಳಕಿಗೆ ಹಿಡಿದು, ಕೆಳಗಿಟ್ಟರು. ಎಲುಬು ಹೊಗೆಯಲ್ಲಿ ಗೀಚಿದಂತಿತ್ತು.

“ಮುರಿದಿಲ್ಲ, ಮೆತ್ತಗಾಗಿದೆ. ಕ್ಯಾಲ್ಸಿಯಂ ಕೊಡ್ತಿಲ್ವಾ?” ಡಾಕ್ಟರಮ್ಮ ಕೇಳಿದರು.

“ಕೊಡ್ತೀನಮ್ಮ. ದಿನಾ ಮಧ್ಯಾಹ್ನ ಹನ್ನೆರಡು ಗಂಟೆಗೆ ಜೀರುಂಡೆಗೆ ಬೆಳ್ಳಗೆ ಪುಡಿ ಹಚ್ಚಿ, ಒಳಗೆ ಬಿಟ್ಟು ಡ್ಯೂಟಿಗೆ ಹೋಗ್ತೀನಿ.”

“ಇದು ಏಳೋದು?”

“ಸಂಜೆ.”

“ಅಷ್ಟೊತ್ತಿಗೆ ಜೀರುಂಡೆ ಮೈಯೆಲ್ಲ ಉಜ್ಜಿ ಕ್ಲೀನ್ ಮಾಡ್ಕೊಂಡು ಕೂತಿರುತ್ತೆ. ಪುಡಿಯೆಲ್ಲ ಪೆಟ್ಟಿಗೆಯ ಮರಳಿಗೆ.”

ಹೆಂಡತಿ ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ನಕ್ಕರು. “ಎರಡು ವರ್ಷ ಮರಳಿನ ಎಲುಬು ಗಟ್ಟಿ ಮಾಡಿದ್ರಿ.”

ಡಾಕ್ಟರಮ್ಮ ಹೇಳಿದ್ದನ್ನು ಮಾವ ಆಸ್ಪತ್ರೆಯ ಚೀಟಿಯ ಹಿಂದೆ ಬರೆದುಕೊಂಡರು. ತುಟಿಯ ಅಂಚಿಗೆ ದಿನಾ ಔಷಧಿಯ ಹನಿ. ಮರಳು ತೆಗೆದು ಕಾಗದ ಹಾಸಬೇಕು. ಮೇಲೇರಿ ಬೀಳದಂತೆ ಕೊಂಬೆಯನ್ನೂ ತೆಗೆಯಬೇಕು. ತಿಂದದ್ದು ಅರಗಲು ಪೆಟ್ಟಿಗೆಯ ಒಂದು ಬದಿ ಬೆಚ್ಚಗಿರಬೇಕು. ಬಿಸಿಲಿನ ಬದಲು ಅದಕ್ಕೆಂದೇ ಸಿಗುವ ಯುವಿ ದೀಪ. ಜೀರುಂಡೆಗೆ ಹಿಂದಿನ ದಿನವೇ ಕ್ಯಾರೆಟ್ಟು, ಸೊಪ್ಪು ತಿನ್ನಿಸಬೇಕು. ಸಾಹೇಬರು ಎದ್ದ ಮೇಲೆಯೇ ಪುಡಿಯಲ್ಲಿ ಕುಲುಕಿ, ಚಿಮಟದಲ್ಲಿ ಹಿಡಿದು, ಆಗಿಂದಾಗಲೇ ಕೊಡಬೇಕು. “ವಿಟಮಿನ್ ಡಿ ಇರೋ ಪುಡಿ ನಾನು ಹೇಳಿದ ದಿನ ಮಾತ್ರ. ಹೆಚ್ಚಾದ್ರೆ ಅದೂ ವಿಷ. ಬಾಗಿದ ಕಾಲು ನೆಟ್ಟಗಾಗಲ್ಲ, ಆದ್ರೆ ಗಟ್ಟಿಯಾಗುತ್ತೆ.”

ಎಲ್ಲ ಸರಿ, ಸಂಜೆ ಮನೆಯಲ್ಲಿರುವವರು ಯಾರು? ಮಾವ ಮರುದಿನವೇ ಮೇಲಧಿಕಾರಿಯ ಮುಂದೆ ನಿಂತು ಬೆಳಗಿನ ಪಾಳಿ ಬೇಡಿದರು.

“ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?”

“ಹಲ್ಲಿಗೆ, ಸಾರ್.”

ಇಪ್ಪತ್ತೆಂಟು ವರ್ಷದಲ್ಲಿ ಒಂದು ಸುಳ್ಳೂ ಹೇಳದ ಮನುಷ್ಯನ ಅರ್ಜಿಗೆ ಅಧಿಕಾರಿ ಸಹಿ ಹಾಕಿದರು.

ಏಳನೆಯ ವಾರದ ಒಂದು ಸಂಜೆ ಸಾಹೇಬರು ಗುಹೆಯಿಂದ ಹೊರಬಂದು, ಸೊಟ್ಟಗಾಲೂರಿ ಹೊಟ್ಟೆಯನ್ನು ಕಾಗದದಿಂದ ಒಂದು ಬೆರಳು ಮೇಲೆತ್ತಿ, ಚಿಮಟದ ತುದಿಯ ಜೀರುಂಡೆಯನ್ನು ಚಪ್ ಎಂದು ಕಸಿದುಕೊಂಡರು. ಮಾವ ಕಣ್ಣೊರೆಸಿಕೊಂಡದ್ದನ್ನು ಹೆಂಡತಿ ನೋಡಿಯೂ ನೋಡದಂತಿದ್ದರು. ಸುಮ್ಮನಿರಲು ಮಾತ್ರ ಅವರಿಂದ ಆಗಲಿಲ್ಲ.

“ಇಷ್ಟು ವರ್ಷ ನಾನು ಕರೆದ್ರೆ ಸಂಜೆ ಮನೆಗೆ ಬರಲಿಲ್ಲ. ಹಲ್ಲಿ ಕರೀತು, ಓಡಿ ಬಂದ್ರಿ.”

“ನೀನು ಯಾವತ್ತೂ ಊಟ ಬಿಡಲಿಲ್ವಲ್ಲೇ.”

ಅಂದಿನಿಂದ ಸಂಜೆಯ ಊಟಕ್ಕೆ ಮೂವರು. ಮಾವ ನಿವೃತ್ತರಾದರು, ಸಾಹೇಬರು ಗಟ್ಟಿಯಾಗಿಯೇ ಇದ್ದರು. ಹನ್ನೊಂದನೆಯ ವರ್ಷ ಮೆತ್ತಗಾದದ್ದು ಕಟ್ಟಡ. ಇಂಜಿನಿಯರು ಬಂದು ಸುತ್ತಿಗೆಯಿಂದ ಕಂಬ ತಟ್ಟಿದರೆ ಗಾರೆ ಉದುರಿ, ಒಳಗೆ ತುಕ್ಕು ತಿಂದ ಕಂಬಿ ಇಣುಕಿತು. ಎಲ್ಲರೂ ಖಾಲಿ ಮಾಡಬೇಕೆಂದರು.

“ಮೇಲೊಂದು ಪ್ಲಾಸ್ಟರ್ ಮಾಡಿಸಿದ್ರೆ ಆಗಲ್ವಾ, ಮಾವ?” ಕೆಳಮನೆಯಾಕೆ ಕೇಳಿದರು.

“ಒಳಗೆ ಮೆತ್ತಗಾದ ಮೇಲೆ ಹೊರಗಿನ ಪಟ್ಟಿ ಏನು ಮಾಡುತ್ತಮ್ಮ? ನಾನು ಬೆಂಕಿಕಡ್ಡಿ ಕಟ್ಟಿ ನೋಡಿದವನು.”

ಹೊರಡುವ ದಿನ ಸಾಮಾನು ಏರಿಸುವಷ್ಟರಲ್ಲಿ ಹೊತ್ತು ಮುಳುಗಿತು. ಲಾರಿಯವನು ಹಾರ್ನ್ ಒತ್ತಿದ. ಖಾಲಿ ಕೋಣೆಯ ಬರಿ ನೆಲದ ಮೇಲೆ ಮಾವ ಚಕ್ಕಳಮಕ್ಕಳ ಕೂತು ಡಬ್ಬಿ ಕುಲುಕುತ್ತಿದ್ದರು. ಲಾರಿಯವನು ಮತ್ತೆ ಒತ್ತಿದ. ಹೆಂಡತಿ ಕಿಟಕಿಯಿಂದ ತಲೆ ಹಾಕಿ, “ಸ್ವಲ್ಪ ತಡಿಯಪ್ಪಾ, ಸಾಹೇಬ್ರು ಊಟ ಮಾಡ್ತಿದಾರೆ” ಎಂದರು.

ಸಾಹೇಬರು ಮೂರು ಜೀರುಂಡೆ ಮುಗಿಸಿ, ತುಟಿ ನೆಕ್ಕಿ, ಹೊಟ್ಟೆ ಎತ್ತಿಕೊಂಡು ತಾವಾಗಿಯೇ ಗುಹೆ ಸೇರಿದರು. ಉಳಿದ ಜೀರುಂಡೆಗಳ ಡಬ್ಬಿಯನ್ನು ಹೆಂಡತಿ ಎರಡು ಬೆರಳಲ್ಲಿ, ಮುಖ ಆ ಕಡೆ ಮಾಡಿ, ಹಿಡಿದುಕೊಂಡರು. ಮಾವ ದೀಪ ಆರಿಸಿದರು. ಆಗತಾನೇ ಪ್ಲಾಸ್ಟರ್ ಹಾಕಿದ ಕಾಲನ್ನು ಹಿಡಿಯುವಂತೆ ಎರಡೂ ಅಂಗೈ ಕೊಟ್ಟು ಗಾಜಿನ ಪೆಟ್ಟಿಗೆ ಎತ್ತಿಕೊಂಡು, ಬಾಗಿಲನ್ನು ಹಿಮ್ಮಡಿಯಿಂದ ಎಳೆದು, ಮೆಟ್ಟಿಲಿಳಿದರು.

“ಹುಷಾರು ಮಾವ, ಚಿರತೆ” ಎಂದು ಕೆಳಮನೆಯಾಕೆ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು.