ಗುಡುಗು ಮೇಸ್ತ್ರಿ ಮತ್ತು ಕತ್ತರಿ ಮೇಜು

ಆಸ್ಪತ್ರೆಯ ಹಿಂಭಾಗದ ವರ್ಕ್‌ಶಾಪಿನಲ್ಲಿ ಗಾಲಿಕುರ್ಚಿ, ಸ್ಟ್ರೆಚರ್, ಮಂಚಗಳನ್ನು ರಿಪೇರಿ ಮಾಡುತ್ತಿದ್ದವನನ್ನು ಎಲ್ಲರೂ ಗುಡುಗು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಬ್ರೇಕು ಹಾಕದೆ ಗಾಲಿಕುರ್ಚಿ ಬಿಟ್ಟುಹೋದವರನ್ನು ಅವನು ಬೈಯುವ ಸದ್ದು ಮೇಲಿನ ಮಹಡಿಯ ವಾರ್ಡಿಗೂ ಕೇಳುತ್ತಿತ್ತು. ಆದರೆ ಅವನ ಕೈದಾಟಿ ಹೋದ ಕುರ್ಚಿ ಮತ್ತೆ ಕಿರುಗುಟ್ಟಿದ್ದನ್ನು ಯಾರೂ ಕೇಳಿರಲಿಲ್ಲ.

ಅವನ ಹೆಂಡತಿ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಬೆಳಿಗ್ಗೆ ಯಾರದೋ ಶರ್ಟಿನ ಕಾಲರ್ ಕತ್ತರಿಸುತ್ತಿದ್ದವಳು ಅಲ್ಲೇ ಕುಸಿದಳು. ಪಾರ್ಶ್ವವಾಯು. ಮಾತು ಉಳಿಯಿತು, ಕಾಲಿಗೆ ಮೆಲ್ಲಗೆ ಬಲ ಬಂತು, ಎಡಗೈ ಮಾತ್ರ ಜೋತುಬಿತ್ತು. ಹೊಲಿಗೆ ಹೇಗೋ ನಡೆಯುತ್ತಿತ್ತು. ಬಟ್ಟೆಯನ್ನು ಯಂತ್ರವೇ ಮುಂದಕ್ಕೆ ಎಳೆದುಕೊಳ್ಳುತ್ತದೆ. ಕತ್ತರಿಸುವುದು ಹೇಗೆ? ಇದ್ದ ಒಂದು ಕೈ ಕತ್ತರಿ ಹಿಡಿದರೆ ಬಟ್ಟೆ ಹಿಡಿಯುವವರು ಯಾರು?

"ನಾನು ಮಾಡಿಕೊಡ್ತೀನಿ ಬಿಡು," ಎಂದ ಮೇಸ್ತ್ರಿ. "ಕಾಲಲ್ಲಿ ಒತ್ತಿದ್ರೆ ಬಟ್ಟೆ ಹಿಡಿದುಕೊಳ್ಳೋ ಮೇಜು. ನೀನು ರಾಣಿ ಥರ ಕೂತು ಕತ್ತರಿಸು."

ಮೊದಲು ಫೋನಿನಲ್ಲಿ ಹುಡುಕಿದ. ಒಂದು ಕೈಯಲ್ಲಿ ಬಟ್ಟೆ ಕತ್ತರಿಸುವ ಸಾಧನ ಎಂದು ಬರೆದರೆ ತರಕಾರಿ ಹೆಚ್ಚುವ ಡಬ್ಬಿ ಬಂತು. ಪದ ಬದಲಿಸಿದರೆ ಅಮ್ಮಂದಿರಿಗೆ ಕೊಡಬಹುದಾದ ಉಡುಗೊರೆಗಳು ಬಂದವು. ಆಮೇಲೆ ಅವನು ಏನು ತೆರೆದರೂ, ಹವಾಮಾನ ನೋಡಲು ಹೋದರೂ, ಅದೇ ಡಬ್ಬಿ ಹಲ್ಲುಕಿರಿಯುತ್ತಾ ಮೂಲೆಯಲ್ಲಿ ಕಾಯುತ್ತಿತ್ತು.

"ನಾನು ಕೇಳಿದ್ದೇನು, ಇವನು ಮಾರ್ತಿರೋದೇನು! ಹುಡುಕಿಕೊಡು ಅಂದ್ರೆ ಅಂಗಡಿ ಹಾಕ್ಕೊಂಡು ಕೂತಿದಾನಲ್ಲ!" ಎಂದು ಫೋನನ್ನು ಹಾಸಿಗೆಯ ಮೇಲೆ ಎಸೆದ. ನೆಲಕ್ಕೆ ಎಸೆಯುವಷ್ಟು ಸಿಟ್ಟು ಅವನಿಗೆ ಎಂದೂ ಬರುತ್ತಿರಲಿಲ್ಲ.

ಫೋನಿನಲ್ಲಿ ಇಲ್ಲವೆಂದ ಮೇಲೆ ಲೋಕದಲ್ಲೇ ಇಲ್ಲ ಎಂದುಕೊಂಡ. ಹಳೆಯ ಮಂಚದ ಕೊಳವೆ, ಸ್ಪ್ರಿಂಗು, ಪೆಡಲು ಸೇರಿಸಿ ಒಂದು ಮೇಜು ಎಬ್ಬಿಸಿದ. ಅದು ಬಟ್ಟೆಯನ್ನು ಒಂದು ತುದಿಯಲ್ಲಷ್ಟೇ ಹಿಡಿಯುತ್ತಿತ್ತು. ಕತ್ತರಿ ಮುಂದೆ ಹೋದಂತೆ ಬಟ್ಟೆ ಮುದ್ದೆಯಾಗಿ ಗೆರೆ ಸೊಟ್ಟಗಾಗುತ್ತಿತ್ತು. ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ಅಷ್ಟರಲ್ಲಿ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಟೈಲರುಗಳ ದಾರಿ ಹಿಡಿದರು. ಮೇಸ್ತ್ರಿಗೆ ಮಾತ್ರ ಬೇರೆಯೇ ಹುಚ್ಚು ಹತ್ತಿತ್ತು: ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಬೇಕು, ತನ್ನ ಹೆಸರು ಬರಬೇಕು.

ಅವನ ತಂಗಿಯ ಮಗಳು ಕಾಲೇಜಿನ ಲೈಬ್ರರಿಯಲ್ಲಿ ಕೆಲಸದಲ್ಲಿದ್ದಳು. ರಜೆಯ ದಿನ ಲ್ಯಾಪ್‌ಟಾಪ್ ಹಿಡಿದು ಬಂದಳು.

"ಮಾವ, ಪೇಟೆಂಟ್ ಕೇಳೋಕೆ ಮುಂಚೆ ಯಾರಾದ್ರೂ ತಗೊಂಡಿದಾರಾ ನೋಡ್ಬೇಕು. ಅದನ್ನ ಹುಡುಕೋಕೇ ಬೇರೆ ಜಾಗ ಇದೆ."

"ಎಲ್ಲಾ ಹುಡುಕಿದೀನಿ. ತರಕಾರಿ ಡಬ್ಬಿ ಬಿಟ್ಟು ಏನೂ ಇಲ್ಲ."

"ಅದು ಸಂತೆ ಮಾವ. ಇದು ದಾಖಲೆ ಕೋಣೆ. ಇಲ್ಲಿ ಪೇಟೆಂಟ್ ಬಿಟ್ಟು ಬೇರೇನೂ ಸಿಗಲ್ಲ."

ಅವನು ಹೇಳಿದ ಪದಗಳನ್ನು ಅವಳು ಹಾಕಿದಳು. ಏನೂ ಬರಲಿಲ್ಲ. ಮೇಸ್ತ್ರಿಯ ಮೀಸೆ ಅರಳಿತು.

"ತಾಳಿ. ಪೇಟೆಂಟ್ ಬರೆಯೋರು ಬಟ್ಟೆಗೆ ಬಟ್ಟೆ ಅಂತ ಬರೆಯಲ್ಲ," ಎನ್ನುತ್ತಾ ಅವಳು ಬೇರೆ ಪದ ಹಾಕಿದಳು: ಹಾಳೆಯಂಥ ವಸ್ತುವನ್ನು ಪಾದದಿಂದ ಒತ್ತಿಹಿಡಿಯುವ ವ್ಯವಸ್ಥೆ.

ಪರದೆಯ ಮೇಲೆ ಒಂದು ಹಳೆಯ ಚಿತ್ರ ತೆರೆದುಕೊಂಡಿತು. ಕೈಯಲ್ಲಿ ಬರೆದ ಸಪೂರ ಗೆರೆಗಳು. ಮೇಜು, ಪೆಡಲು. ಕತ್ತರಿ ಹೋಗುವ ದಾರಿಯ ಎರಡೂ ಬದಿಗೆ ಉಣ್ಣೆ ಪಟ್ಟಿ ಅಂಟಿಸಿದ ಎರಡು ಸರಳು. ಒಮ್ಮೆ ಒತ್ತಿದರೆ ಹಿಡಿತ, ಇನ್ನೊಮ್ಮೆ ಒತ್ತಿದರೆ ಬಟ್ಟೆ ಒಂದು ಗೇಣು ಮುಂದಕ್ಕೆ. ಕೆಳಗೆ ಬರೆದಿದ್ದಂತೆ, ಮಾಡಿದವನು ಯಂತ್ರಕ್ಕೆ ಸಿಕ್ಕಿ ಒಂದು ಕೈ ಕಳೆದುಕೊಂಡಿದ್ದ ಯಾವುದೋ ದರ್ಜಿ. ಮೇಸ್ತ್ರಿಯ ಅಜ್ಜನ ಕಾಲದವನು.

"ಇದರ ಅವಧಿ ಮುಗಿದು ಎಷ್ಟೋ ಕಾಲ ಆಯ್ತು ಮಾವ. ಯಾರು ಬೇಕಾದ್ರೂ ಮಾಡ್ಕೋಬಹುದು," ಎಂದಳು ಹುಡುಗಿ ಖುಷಿಯಿಂದ.

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. "ಮುಚ್ಚು ಅದನ್ನ," ಎಂದ. ಗುಡುಗಲಿಲ್ಲ, ಅದಕ್ಕೇ ಅವಳಿಗೆ ಹೆದರಿಕೆಯಾಯಿತು. "ನಿಮ್ಮತ್ತೆಗೆ ಹೇಳ್ಬೇಡ."

ಮರುದಿನದಿಂದ ಮತ್ತೆ ತನ್ನದೇ ಮೇಜಿನ ಹಿಂದೆ ಬಿದ್ದ. ಸತ್ತವನೊಬ್ಬ ತನ್ನ ಅನ್ನ ಕಸಿದ ಹಾಗೆ ಹಲ್ಲುಕಚ್ಚಿಕೊಂಡು ಕೊಳವೆ ಕೊಯ್ದ. ಬೇಕಂತಲೇ ಆ ಎರಡು ಸರಳುಗಳನ್ನು ಹಾಕಲಿಲ್ಲ. ಬಟ್ಟೆ ಬೇಕಂತಲೇ ಎಂಬಂತೆ ಮುದ್ದೆಯಾಯಿತು.

ಗುಟ್ಟು ಬಹಳ ದಿನ ನಿಲ್ಲಲಿಲ್ಲ. ಮುಂದಿನ ಸಲ ಬಂದ ಹುಡುಗಿ, ಇಷ್ಟರಲ್ಲಿ ಮಾವ ಹೇಳಿರುತ್ತಾನೆ ಎಂದುಕೊಂಡು, "ಅತ್ತೆ, ಆ ಚಿತ್ರದ ಮೇಜು ಮುಗೀತಾ?" ಎಂದು ಕೇಳಿಬಿಟ್ಟಳು. ಅತ್ತೆ ಎಲ್ಲವನ್ನೂ ಬಾಯಿ ಬಿಡಿಸಿ ಕೇಳಿಕೊಂಡಳು. ಮೇಸ್ತ್ರಿ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಶುರುವಾಯಿತು.

"ಸಿಕ್ಕಿತ್ತಂತೆ?"

"ಏನು?"

"ಏನು ಅಂತ ನನ್ನನ್ನ ಕೇಳ್ತೀರಾ? ನನ್ನ ಕೈ ಸಿಕ್ಕಿತ್ತು ರೀ ಅಲ್ಲಿ! ನೀವು ಮುಚ್ಚಿಟ್ರಿ!"

"ಅದು ಬೇರೆಯವನದು ಕಣೇ..."

"ಯಾರದ್ದಾದ್ರೆ ನನಗೇನು! ನಾನು ಕೇಳಿದ್ದು ಬಟ್ಟೆ ಕತ್ತರಿಸೋಕೆ ಒಂದು ಮೇಜು. ನಿಮ್ಮ ಹೆಸರು ಕೆತ್ತಿದ ಕಲ್ಲಲ್ಲ. ಗಿರಾಕಿಗಳೆಲ್ಲ ಕೈಬಿಟ್ಟು ಹೋಗೋದನ್ನ ಕಿಟಕಿಯಲ್ಲಿ ಕೂತು ನೋಡಿದೀನಿ. ನೀವು ಅಲ್ಲಿ ಕೂತು ಸತ್ತವನ ಜೊತೆ ಜಗಳ ಆಡ್ತಿದ್ರಿ!"

ಕೈಗೆ ಸಿಕ್ಕ ಬಟ್ಟೆ ಚೂರುಗಳ ರಾಶಿಯನ್ನೇ ಬಲಗೈಯಿಂದ ಎತ್ತಿ ಅವನ ಮೇಲೆ ಎರಚಿದಳು. ದಾರದ ಚೂರುಗಳು ಅವನ ಮೀಸೆಗೆ ಅಂಟಿಕೊಂಡವು. ಆಸ್ಪತ್ರೆಯನ್ನೆಲ್ಲ ನಡುಗಿಸುತ್ತಿದ್ದವನು ಬಗ್ಗಿ ಆ ಚೂರುಗಳನ್ನು ಒಂದೊಂದಾಗಿ ಆಯ್ದ. ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ.

ಮರುದಿನ ಅವನು ಹುಡುಗಿಗೆ ಫೋನು ಮಾಡಿ, "ಆ ಚಿತ್ರ ದೊಡ್ಡದಾಗಿ ಪ್ರಿಂಟ್ ತೆಗೆದು ಕಳಿಸಮ್ಮ," ಎಂದ. ಒಂದು ವಾರದೊಳಗೆ ಮೇಜು ನಿಂತಿತು. ಉಣ್ಣೆ ಪಟ್ಟಿ ಸಿಗದೆ ಹಳೆಯ ಕಂಬಳಿಯ ಅಂಚು ಅಂಟಿಸಿದ. ಅವಳು ಪೆಡಲು ಒತ್ತಿ, ಕತ್ತರಿ ಹಾಕಿ, ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಕೊಯ್ದಳು. ಗೆರೆ ನೇರವಾಗಿ ಬಂತು. ಅವಳು ಅಳಲೂ ಇಲ್ಲ, ನಗಲೂ ಇಲ್ಲ.

"ಪೆಡಲು ಬಿಗಿ ಆಯ್ತು. ಸಡಿಲ ಮಾಡಿ," ಎಂದಳು.

ಆಮೇಲೆ ಅವಳೇ ಹುಡುಗಿಯ ಹತ್ತಿರ ಹುಡುಕುವುದನ್ನು ಕಲಿತಳು. ಪಾರ್ಶ್ವವಾಯು ಬಡಿದ ಕೈಗಳ ಬಗ್ಗೆ ವೈದ್ಯರು ಬರೆದ ಪ್ರಬಂಧಗಳನ್ನಷ್ಟೇ ಹುಡುಕಿಕೊಡುವ ತಾಣ ಒಂದು; ಅವುಗಳಲ್ಲಿ ದುಡ್ಡು ಕೇಳದೆ ಓದಲು ಬಿಟ್ಟವನ್ನು ತೋರಿಸುವ ತಾಣ ಇನ್ನೊಂದು. ಅರ್ಥವಾಗದ ಸಾಲುಗಳನ್ನು ಗುರುತು ಹಾಕಿ ಆಸ್ಪತ್ರೆಯ ಫಿಸಿಯೋಥೆರಪಿಯಮ್ಮನಿಗೆ ತೋರಿಸಿದಳು. ಆಕೆ ಓದಿ ನೋಡಿ, ಕನ್ನಡಿ ಇಟ್ಟುಕೊಂಡು ಮಾಡುವ ಒಂದು ವ್ಯಾಯಾಮ ಹೇಳಿಕೊಟ್ಟಳು. ಎಡಗೈಯ ಹೆಬ್ಬೆರಳು ಈಗ ಒಂಚೂರು ಆಡುತ್ತದೆ. ಕೈ ಬಂದಿಲ್ಲ.

ಮೇಸ್ತ್ರಿಯ ಸಿಟ್ಟೂ ಇಳಿದಿಲ್ಲ. "ಇಂಥದ್ದೊಂದು ಚಿತ್ರ ಇಷ್ಟು ವರ್ಷ ಅಲ್ಲೇ ಬಿದ್ದಿತ್ತು. ಕೇಳಿದ ಕೂಡ್ಲೆ ಕೊಡೋಕೆ ಏನು ರೋಗ ಆ ಫೋನಿಗೆ?" ಎಂದು ಈಗಲೂ ಗುಡುಗುತ್ತಾನೆ.

"ಫೋನು ಕೊಡಲಿಲ್ಲ, ಸರಿ," ಎನ್ನುತ್ತಾಳೆ ಅವಳು, ಬಟ್ಟೆಯಿಂದ ಕಣ್ಣೆತ್ತದೆ. "ಸಿಕ್ಕಿದ ಮೇಲೂ ಕೊಡದೆ ಇದ್ದೋರು ಯಾರು?"

ಆಗ ಅವನು ಎದ್ದು ಹೊರಗೆ ಹೋಗುತ್ತಾನೆ.