ತಗಾದೆಯಕ್ಕ ಬೆಟ್ಟ ಇಳಿದ ಮೇಲೆ

ಬೆಟ್ಟದ ಬುಡಕಟ್ಟಿನವರಲ್ಲಿ ಅಧಿಕಾರಿಯ ಮೇಜಿನೆದುರು ತಾನೇ ಕುರ್ಚಿ ಎಳೆದುಕೊಂಡು ಕೂತ ಮೊದಲ ಹೆಂಗಸು ಅವಳು. “ನಿಂತು ಮಾತಾಡಿದ್ರೆ ಸಾಗಹಾಕಿಬಿಡ್ತಾರೆ. ಕೂತವರನ್ನ ಎಬ್ಬಿಸೋಕೆ ಅವರಿಗೂ ಸಂಕೋಚ” ಎನ್ನುತ್ತಿದ್ದಳು. ಅದಕ್ಕೇ ತಗಾದೆಯಕ್ಕ ಎಂಬ ಹೆಸರು ಅಂಟಿಕೊಂಡಿತು. ಮೊದಲು ಗೇಲಿಗೆ, ಆಮೇಲೆ ಅಭಿಮಾನಕ್ಕೆ.

ಬೆಟ್ಟ ಅಗೆಯಲು ಗಣಿಯವರು ಬಂದಾಗ ಅವಳು ಮನೆಮನೆಗೆ ಹೋಗಿ ಜನ ಕೂಡಿಸಿದಳು. ಎಲ್ಲರೂ ದಾರಿಗೆ ಅಡ್ಡ ಕೂತರು. ಒಂದು ಮಳೆಗಾಲವಿಡೀ ಯಂತ್ರಗಳು ನಿಂತಲ್ಲೇ ತುಕ್ಕು ಹಿಡಿದವು. ಆಮೇಲೊಂದು ಬೆಳಿಗ್ಗೆ ಯಾರೋ ಎಸೆದ ಕಲ್ಲಿಗೆ ಲಾರಿಯ ಗಾಜು ಒಡೆದು ಚಾಲಕನ ಕಣ್ಣು ಹೋಯಿತು. ಕಲ್ಲು ಯಾರದೋ, ಕೇಸು ಇವಳ ಮೇಲೆ. ಜಾಮೀನೇನೋ ಸಿಕ್ಕಿತು. ಆದರೆ ಕೇಸು ಮುಗಿಯುವವರೆಗೆ ಬೆಟ್ಟಕ್ಕೆ ಕಾಲಿಡುವಂತಿಲ್ಲ ಎಂಬ ಷರತ್ತು.

“ಯಾವಾಗ ಮುಗಿಯುತ್ತೆ?” ಎಂದು ಕೇಳಿದಳು.

“ಹೇಳೋಕಾಗಲ್ಲ” ಎಂದು ವಕೀಲ ಮುಂದಿನ ತಾರೀಖು ಬರೆದುಕೊಟ್ಟ.

ಪಟ್ಟಣದಲ್ಲಿದ್ದ ಅಕ್ಕ-ಭಾವ ತಾವಿದ್ದ ಒಂದೇ ಕೋಣೆಯಲ್ಲಿ ಅವಳಿಗೂ ಜಾಗ ಮಾಡಿಕೊಟ್ಟರು. ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮಹಡಿಯ ಮೇಲೆ ಹೋಟೆಲಿನ ಹಾಸುಬಟ್ಟೆ ಒಣಹಾಕುವಾಗ ಬೆಟ್ಟ ಕಾಣುತ್ತಿತ್ತು.

ಒಂದು ದಿನ ಬೆಟ್ಟದಿಂದ ತಮ್ಮ ಬಂದ. ಚಹಾ ಕೊಟ್ಟರೆ ಲೋಟವನ್ನು ಸುಮ್ಮನೆ ಹಿಡಿದುಕೊಂಡೇ ಕೂತ.

“ಗಣಿಯವರ ಕಾಗದಕ್ಕೆ ಎಲ್ಲರೂ ಹೆಬ್ಬೆಟ್ಟು ಒತ್ತಿಬಿಟ್ರು ಅಕ್ಕ.”

“ನೀನು?”

“ನಾನೂ ಒತ್ತಿದೆ. ನೀನು ಅಲ್ಲಿದ್ದಿದ್ರೆ ಒತ್ತುತ್ತಿರಲಿಲ್ಲ.”

ದೊಡ್ಡಕ್ಕ ಅವನ ಕೈಯಿಂದ ಆರಿದ ಚಹಾ ತೆಗೆದುಕೊಂಡು ಮತ್ತೆ ಬಿಸಿ ಮಾಡಲು ಹೋದಳು.

ಆ ವರ್ಷ ಹೋಟೆಲು ಮುಚ್ಚಿತು. ಅಂಗಡಿಗೆ ಗಣಿ ಕೆಲಸಗಾರರ ಸಮವಸ್ತ್ರ ಮೂಟೆಮೂಟೆಯಾಗಿ ಬರತೊಡಗಿತು.

“ಇದನ್ನ ನಾನು ಮುಟ್ಟಲ್ಲ” ಎಂದಳು.

ಅಂಗಡಿಯ ಯಜಮಾನಿ ಕೆಟ್ಟವಳಲ್ಲ. “ಬೇರೆ ಬಟ್ಟೆ ಎಲ್ಲಿಂದ ತರಲಿ ಹೇಳು? ನನಗೂ ಇದೇ ಗತಿ” ಎಂದು ಒಳಗೆ ಹೋದಳು.

ತಗಾದೆಯಕ್ಕ ಮಧ್ಯಾಹ್ನದವರೆಗೂ ಗೋಡೆಗೊರಗಿ ಕೂತಳು. ಜೊತೆಗೆ ಕೆಲಸ ಮಾಡುತ್ತಿದ್ದ ಬಸುರಿ ಹೆಂಗಸು ಒಬ್ಬಳೇ ಒದ್ದೆ ಮೂಟೆ ಎಳೆಯುತ್ತಿದ್ದಳು. ಒಂದು ಸಲವೂ ಇವಳತ್ತ ತಿರುಗಿ ನೋಡಲಿಲ್ಲ. ಕೊನೆಗೆ ಇವಳೇ ಎದ್ದು ಸೆರಗು ಸಿಕ್ಕಿಸಿ ತೊಟ್ಟಿಗೆ ಕೈ ಹಾಕಿದಳು. ನೀರು ಕೆಂಪಾಯಿತು. ಅವ್ವನ ಮನೆಯ ಗೋಡೆಗೆ ತಾನೇ ಬಳಿದಿದ್ದ ಬೆಟ್ಟದ ಕೆಮ್ಮಣ್ಣು ಅದು.

“ಒಂದೇ ನೀರಿಗೆ ಬಿಡಲ್ಲ ಅದು, ಚೆಲ್ಲಿ ಇನ್ನೊಂದು ಸಲ ಜಾಲಿಸು” ಎಂದಳು ಬಸುರಿ.

ಅವಳು ಚೆಲ್ಲಿದಳು. ಮಣ್ಣು ಮೋರಿಯಲ್ಲಿ ಹರಿದುಹೋಯಿತು. ಮರುದಿನ ನ್ಯಾಯಾಲಯಕ್ಕೆ ಹೋದಾಗ ಕೇಸು ಮತ್ತೆ ಮುಂದಕ್ಕೆ ಹೋಗಿತ್ತು. ಯಾವಾಗ ಮುಗಿಯುತ್ತೆ ಎಂದು ವಕೀಲನನ್ನು ಕೇಳದೆ ನೇರ ಅಂಗಡಿಗೆ ಬಂದಳು. ಗಣಿಯವರ ಸಮವಸ್ತ್ರದಿಂದ ತೊಟ್ಟಿ ತುಂಬಿತ್ತು. ಸೆರಗು ಸಿಕ್ಕಿಸಿದಳು.