ಧರ್ಮಣ್ಣನ ಡ್ರಮ್ ನಿಲ್ಲುವ ಜಾಗ

ಮೂಡಲು ಇನ್ನೂ ಕೆಂಪಾಗಿಲ್ಲ. ವಾಡಿ ಜಂಕ್ಷನ್ನಿನ ಲೋಕೋ ಶೆಡ್ಡಿನಲ್ಲಿ ಕಲ್ಲಿದ್ದಲಿನ ಗೂಡ್ಸ್ ಇಂಜಿನ್ನೊಂದು ಬೂದಿ ಗುಂಡಿಯ ಮೇಲೆ ನಿಂತು ಉಸಿರು ಬಿಡುತ್ತಿದೆ. ಅದರ ಹೊಟ್ಟೆಯ ಕೆಳಗೆ ಉದ್ದನೆಯ ಕಬ್ಬಿಣದ ಕೊಕ್ಕೆ ಹಿಡಿದ ಧರ್ಮಣ್ಣ ಕೆಂಡ, ಬೂದಿ, ಕಿಟ್ಟವನ್ನು ಎಳೆದೆಳೆದು ಕೆಡವುತ್ತಾರೆ. ತಲೆಗೆ ಸುತ್ತಿದ ಟವೆಲ್ಲು, ಮೊಣಕಾಲಿನವರೆಗೆ ಕಟ್ಟಿದ ಗೋಣಿತಟ್ಟು. ನೀರು ಚೆಲ್ಲಿದಾಗ ಏಳುವ ಹಬೆಯಲ್ಲಿ ಮನುಷ್ಯ ಕಾಣುವುದಿಲ್ಲ, ಕೆಮ್ಮು ಮಾತ್ರ ಕೇಳಿಸುತ್ತದೆ.

ಪಾಳಿ ಮುಗಿದ ಮೇಲೆ ಉಳಿದವರು ಚಹಾಕ್ಕೆ ಹೋಗುತ್ತಾರೆ. ಧರ್ಮಣ್ಣ ಗೋಡೆಯ ಬದಿಗಿಟ್ಟ ಗಂಟು ಬಿಚ್ಚುತ್ತಾರೆ. ಹಳೆಯ ಧೋತರದಲ್ಲಿ ಸುತ್ತಿದ ಡ್ರಮ್ ಅದು. ನಿನ್ನೆ ಸಂಜೆ ಜೂನಿನ ಮೊದಲ ಮಳೆ ಬಿದ್ದು ಚರ್ಮ ಸಡಿಲಾಗಿದೆ. ಆರುತ್ತಿರುವ ಬೂದಿಯ ರಾಶಿಗೆ ಅದರ ಮುಖ ಹಿಡಿದು, ಹಂಚಿನ ಮೇಲಿನ ರೊಟ್ಟಿಯಂತೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತಾರೆ. ನಡುನಡುವೆ ಬೆರಳಿನಿಂದ ತಟ್ಟಿ ಕಿವಿ ಹಚ್ಚುತ್ತಾರೆ.

“ಇನ್ನಾ ನಿದ್ದಿಗಣ್ಣಾಗ ಅದರಿ,” ಎನ್ನುತ್ತಾರೆ, ನೋಡಲು ಬಂದ ನನಗೆ. “ಜರಾ ತಡೀರಿ, ಏಳ್ತದ.”

ಇವತ್ತು ಭಾನುವಾರ. ಊಟಕ್ಕೆ ಮುಂಚೆಯೇ ರೈಲ್ವೆ ನೌಕರರು ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಹಾಲಿನಲ್ಲಿ ಜಾಝ್ ನುಡಿಸುವ ಕಾಲೇಜು ವಿದ್ಯಾರ್ಥಿಗಳ ಸ್ಪರ್ಧೆ ಇದೆ. ಗೆದ್ದವರಿಗೆ ಒಂದು ವರ್ಷದ ವಿದ್ಯಾರ್ಥಿವೇತನ: ಕಾಲೇಜಿನ ಫೀ ಮತ್ತು ಹಾಸ್ಟೆಲ್ಲಿನ ಊಟ. ಗುಲಬರ್ಗಾ, ಸೊಲ್ಲಾಪುರ, ಹೈದರಾಬಾದ್ ಕಡೆಯಿಂದ ಹುಡುಗರು ಟ್ರಂಪೆಟ್ಟು, ಸ್ಯಾಕ್ಸೊಫೋನು ಹಿಡಿದು ಗಾಡಿ ಇಳಿಯುತ್ತಾರೆ. ವಾದ್ಯ ಅವರವರದು. ಎಲ್ಲರ ಹಿಂದೆ ಕೂತು ತಾಳ ಹಿಡಿಯುವವರು ಒಬ್ಬರೇ, ಧರ್ಮಣ್ಣ. ಆಮಂತ್ರಣ ಪತ್ರಿಕೆಯಲ್ಲಿ ಹಾರ ತಂದುಕೊಟ್ಟ ಅಂಗಡಿಯ ಹೆಸರಿದೆ, ಅವರದಿಲ್ಲ.

ಸ್ಪರ್ಧೆಯನ್ನು ನಡೆಸಿಕೊಂಡು ಬಂದವರು ಅಬ್ದುಲ್ ಗನಿ. ಮೇಲ್ ಗಾಡಿಯ ಡ್ರೈವರಾಗಿ ನಿವೃತ್ತರಾದವರು. ಸಿಕಂದರಾಬಾದಿನಲ್ಲಿ ಆಂಗ್ಲೋ ಇಂಡಿಯನ್ ಡ್ರೈವರುಗಳ ಜೊತೆ ಇದ್ದಾಗ ಸ್ಯಾಕ್ಸೊಫೋನ್ ಕಲಿತರು. ಆ ಜನ ಒಬ್ಬೊಬ್ಬರಾಗಿ ಪರದೇಶಕ್ಕೆ ಹೋದ ಮೇಲೆ ಈ ಬಾಜಾ ಇಲ್ಲಿಗೇ ಮುಗಿಯಬಾರದೆಂದು ಡ್ರೈವರು, ಗಾರ್ಡುಗಳನ್ನು ಕೂಡಿಸಿ ಮಂಡಳಿ ಕಟ್ಟಿದರು. ಜಾಝ್ ಎಂದರೇನು ಎಂದು ಕೇಳಿದವರಿಗೆ ಅವರು ಕೊಡುವ ವಿವರಣೆ ಸರಳ. ಮೊದಲು ಎಲ್ಲರಿಗೂ ಗೊತ್ತಿರುವ ಒಂದು ಧಾಟಿ. ಆಮೇಲೆ ನುಡಿಸುವವನು ಅದನ್ನು ಬಿಟ್ಟು ತನ್ನ ಮನಸ್ಸು ಕರೆದ ಕಡೆ ಹೋಗಬೇಕು. ಕೊನೆಗೆ ದಾರಿ ತಪ್ಪದೆ ಮತ್ತೆ ಅದೇ ಧಾಟಿಗೆ ಬರಬೇಕು.

ಧರ್ಮಣ್ಣನ ವಿವರಣೆ ಇನ್ನೂ ಸಣ್ಣದು. “ಮದಿವಿ ಬ್ಯಾಂಡಿನ ತಾಳ ಸಿಪಾಯಿ ನಡದಂಗ ನಡೀತದರಿ. ಇದು ಜರಾ ಕುಂಟ್ಕೊಂತ ನಡೀತದ. ಆದ್ರ ಬೀಳಂಗಿಲ್ಲ.”

ಅವರ ಊರು ಸನ್ನತಿಯ ಆಚೆ, ಭೀಮಾ ನದಿಯ ದಂಡೆಯ ಒಂದು ಹಳ್ಳಿ. ತಂದೆ ಜಗದೇವಪ್ಪನದು ಹಲಗಿ ಬಾರಿಸುವ ಮನೆತನ. ಊರಿನಲ್ಲಿ ಯಾರು ಸತ್ತರೂ ಹೆಣದ ಮುಂದೆ ಹಲಗಿ ಬಾರಿಸುತ್ತ ಸ್ಮಶಾನದವರೆಗೆ ನಡೆಯಬೇಕು. ಜ್ವರವಿದ್ದರೂ, ತನ್ನ ಮನೆಯಲ್ಲೇ ಶುಭಕಾರ್ಯವಿದ್ದರೂ ಕರೆ ಬಂದರೆ ಏಳಬೇಕು. ಕೊಟ್ಟರೆ ಒಂದು ಮೊರ ಜೋಳ, ಇಲ್ಲದಿದ್ದರೆ ಬಿಟ್ಟಿ ಚಾಕರಿ. ಬುದ್ಧನ ದೀಕ್ಷೆ ತೆಗೆದುಕೊಂಡ ವರ್ಷ ಜಗದೇವಪ್ಪ ಹೊಳೆಯಲ್ಲಿ ಎದೆಮಟ್ಟ ನೀರಿಗಿಳಿದು ಹಲಗಿಯನ್ನು ತೇಲಿಬಿಟ್ಟರು. ಧರ್ಮಣ್ಣನಿಗೆ ಆಗ ಮೀಸೆ ಮೂಡುವ ವಯಸ್ಸು.

“ಅದು ಮುಳಗವಲ್ದು. ನಮ್ಮಪ್ಪ ದಂಡಿ ಮ್ಯಾಲ ನಿಂತು, ಕಣ್ಣಿಗೆ ಕಾಣೋತನಕ ನೋಡಿದ. ಆಮ್ಯಾಲ ನನ್ನ ಕೈ ಹಿಡದು ಹೇಳಿದ, ‘ನಿನ್ನ ಕೈ ಏನರ ಬಾರಿಸಲಿ, ಹೆಣಕ್ಕ ಬಾರಿಸಬಾರದು’ ಅಂತ. ಅಷ್ಟೇ ನೋಡ್ರಿ ಆಸ್ತಿ.”

ಅದಾದ ಮೇಲೆ ಊರಿನ ಕಣಗಳಲ್ಲಿ ಅವರಿಗೆ ಕೆಲಸ ಸಿಗಲಿಲ್ಲ. ಮನೆ ಮಂದಿ ವಾಡಿಗೆ ಬಂದರು. ಧರ್ಮಣ್ಣ ಇನ್‌ಸ್ಟಿಟ್ಯೂಟಿನ ಹಾಲಿನಲ್ಲಿ ಕುರ್ಚಿ ಜೋಡಿಸುವ ಕೆಲಸಕ್ಕೆ ಸೇರಿ, ಆಂಗ್ಲೋ ಇಂಡಿಯನ್ನರ ಡ್ಯಾನ್ಸಿನ ದಿನ ಪರದೆಯ ಹಿಂದಿನಿಂದ ಡ್ರಮ್ ಬಾರಿಸುವವನ ಮಣಿಕಟ್ಟು ನೋಡುತ್ತ ನಿಲ್ಲುತ್ತಿದ್ದರು. ಆ ಮನುಷ್ಯ ಆಸ್ಟ್ರೇಲಿಯಾಕ್ಕೆ ಹೊರಟಾಗ ಹಡಗಿಗೆ ಭಾರವಾಗುತ್ತದೆಂದು ಡ್ರಮ್ಮನ್ನು ಇವರ ಕೈಗಿತ್ತು ಹೋದ. ಆ ಹೊತ್ತಿಗೆ ಇವರಿಗೆ ಶೆಡ್ಡಿನಲ್ಲಿ ಬೂದಿ ಕೆಲಸ ಸಿಕ್ಕಿತ್ತು. ಎರಡೂ ಇಂದಿಗೂ ನಡೆದಿವೆ.

ಶೆಡ್ಡಿನ ಹಿಂದಿನ ಗಲ್ಲಿಯಲ್ಲಿ ಮನೆ. ಹೆಂಡತಿ ಪೀರಮ್ಮ ರೊಟ್ಟಿ ಬಡಿಯುತ್ತಿದ್ದಾರೆ. “ಬರ್ರಿ ಯವ್ವಾ, ಕುಂದ್ರಿ. ಮಂದಿ ಮುಂಜಾನೆದ್ದು ನೀರು ಕಾಸ್ತಾರ, ನಮ್ಮನಿಯಾಂವ ಡ್ರಮ್ ಕಾಸ್ತಾನ,” ಎನ್ನುತ್ತಾರೆ. ಗೋಡೆಗೆ ಆನಿಸಿದ ಸಿಂದಿ ಗರಿಯ ಕಸಬರಿಗೆ ಅರ್ಧ ಸವೆದಿದೆ. ಮೆಲ್ಲಗಿನ ಧಾಟಿಗೆ ಡ್ರಮ್ಮಿನ ಮೇಲೆ ಸವರುವ ತಂತಿ ಕುಂಚ ಮುರಿದ ಮೇಲೆ ಧರ್ಮಣ್ಣ ಅದರಿಂದಲೇ ಕಡ್ಡಿ ಹಿರಿದು ಕಟ್ಟಿಕೊಳ್ಳುತ್ತಾರೆ. “ಸ್ಪರ್ಧಾ ಮುಗಿಯೋದ್ರಾಗ ಕಸಬರಿಗಿ ಬೋಳಾಗ್ತದ. ಹೊಸಾದು ತಾ ಅಂದ್ರ, ಇದರ ದನಿನೇ ಛೊಲೊ ಅದ ಅಂತಾನ. ಕಸಕ್ಕ ದನಿ ತಗೊಂಡು ಏನ್ ಮಾಡ್ಲಿ ನಾ?”

ಇವತ್ತು ಧರ್ಮಣ್ಣನ ಗಮನ ಬೇರೆ ಕಡೆ ಇದೆ. ಶಹಾಬಾದಿನ ಪ್ಯಾಸೆಂಜರ್ ಗಾಡಿಗೆ ಶಿವರಾಯ ಬರಬೇಕು.

ಶಿವರಾಯ ಶಹಾಬಾದಿನ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ಹಣಮಪ್ಪನ ಮಗ. ಬಿ.ಎ. ಓದುತ್ತಿದ್ದವನು ಕಳೆದ ವರ್ಷ ಈ ಸ್ಪರ್ಧೆಗೆ ಬಂದಿದ್ದ. ಅಂದು ನಡೆದದ್ದನ್ನು ಹಾಲಿನಲ್ಲಿದ್ದವರೆಲ್ಲ ಒಂದೇ ರೀತಿ ಹೇಳುತ್ತಾರೆ. ಅವನು ಧಾಟಿ ಮುಗಿಸಿ ತನ್ನ ಮನಸ್ಸಿನಂತೆ ಬೆಳೆಸುತ್ತಿದ್ದ. ಆ ಹಂತದಲ್ಲಿ ಡ್ರಮ್ ಒಂದೇ ಜೊತೆಗಿರುತ್ತದೆ. ತಾಳ ತಪ್ಪಿ ನಿಂತವರು ಸ್ಪರ್ಧೆಯಿಂದ ಹೊರಗೆ ಎಂಬುದು ನಿಯಮ. ಹಾಲಿನ ಬಲಗಡೆಯ ಕಿಟಕಿಗಳಾಚೆ ಹಳ್ಳದ ದಂಡೆಯ ಸ್ಮಶಾನಕ್ಕೆ ಹೋಗುವ ದಾರಿಯಿದೆ. ನಾಲ್ಕು ಜನ ಹೊತ್ತ ಹೆಣವೊಂದು ಸದ್ದಿಲ್ಲದೆ ಹಾದುಹೋಯಿತು. ಧರ್ಮಣ್ಣನ ಕೋಲುಗಳು ನಿಂತುಬಿಟ್ಟವು. ಶಿವರಾಯ ಎರಡು ಉಸಿರು ತಡವರಿಸಿ ತಾನೂ ನಿಂತ.

ವಿದ್ಯಾರ್ಥಿವೇತನ ಸೊಲ್ಲಾಪುರದ ಹುಡುಗನಿಗೆ ಹೋಯಿತು. ಶಿವರಾಯ ಕಾಲೇಜು ಬಿಟ್ಟು ವರ್ಷವಿಡೀ ಕಲ್ಲಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಎತ್ತಿದ. ಈ ತಿಂಗಳು ಫೀ ಕಟ್ಟಿದರೆ ಮತ್ತೆ ಸೇರಿಸಿಕೊಳ್ಳುವುದಾಗಿ ಕಾಲೇಜಿನವರು ಹೇಳಿದ್ದಾರೆ. ಇಲ್ಲದಿದ್ದರೆ ಖಣಿಯೇ ಖಾಯಂ.

“ಯಾರ ಹೆಣ ಅಂತ ನನಗೂ ಗೊತ್ತಿಲ್ರಿ,” ಎನ್ನುತ್ತಾರೆ ಧರ್ಮಣ್ಣ. “ಕೈ ನಿಂತ್ವು. ನಾ ಬಾರಸ್ಕೊಂತ ಹೋಗಿದ್ರ ಆ ಹೆಣದ ಮುಂದ ನಾ ನಡದಂಗೇ ಆಗ್ತಿತ್ತು. ಹುಡುಗನ ವರ್ಷ ಹೋಯ್ತು, ಅದು ಖರೆ.”

ಈ ವರ್ಷ ಗುಲಬರ್ಗಾದಿಂದ ಬೇರೆ ಡ್ರಮ್ಮಿನವನನ್ನು ಕರೆಸಬೇಕೆಂದು ಮಂಡಳಿಯಲ್ಲಿ ಮಾತು ಎದ್ದಿತ್ತು. ಗನಿ ಸಾಹೇಬರು ಒಂದು ಅವಕಾಶ ಕೊಡಲೆಂದು ಶೆಡ್ಡಿಗೇ ಬಂದರು.

“ಅರೆ ಧರ್ಮಣ್ಣಾ, ನಿಲ್ಲಿಸಂಗಿಲ್ಲ ಅಂತ ಒಂದು ಮಾತು ಕೊಡಪಾ. ಬಾತ್ ಖತಮ್.”

“ಅದೊಂದು ಕೇಳಬ್ಯಾಡ್ರಿ ಸಾಬ್ರ.”

“ಕಿಟಕಿಗೆ ಬೆನ್ನು ಮಾಡಿ ಕುಂದ್ರಸ್ತೀನಿ. ಕಾಣೋದೇ ಬ್ಯಾಡ.”

“ನಾ ಬೆನ್ನು ಮಾಡಿದ್ರ ಹೆಣ ಹೋಗೋದು ನಿಲ್ತದೇನ್ರಿ?”

“ಕಿಟಕಿ ಮುಚ್ಚಿಸ್ತೀನಿ ಹಂಗಾದ್ರ!”

“ಮುಚ್ಚಿಸ್ರಿ. ಸೆಕಿಗೆ ಒಳಗ ಕುಂತವ್ರೇ ನಾಕು ಮಂದಿ ಸತ್ತ ಹೋಗ್ತಾರ. ಆಗ ನಾ ಪೂರಾ ಬಂದ್ ಮಾಡಬೇಕಾಗ್ತದ.”

ಗನಿ ಸಾಹೇಬರಿಗೆ ನಗು ಬಂತು, ಸಿಟ್ಟು ಇಳಿಯಲಿಲ್ಲ. ಮಾತು ಮುರಿದು ಹೊರಟವರನ್ನು ತಡೆದವನು, ಅಂದು ಧರ್ಮಣ್ಣನನ್ನು ಕಾಣಲು ಶೆಡ್ಡಿಗೆ ಬಂದಿದ್ದ ಶಿವರಾಯ. ಧರ್ಮಣ್ಣ ಕಾಕಾ ಯಾಕೆ ನಿಲ್ಲಿಸಿದರೆಂದು ತನಗೆ ಗೊತ್ತು, ಅವರೇ ಬೇಕು, ಬೇರೆ ಡ್ರಮ್ ಬಂದರೆ ತಾನು ಬರುವುದಿಲ್ಲ ಎಂದ. ಹೋದ ವರ್ಷ ಸೋತವನೇ ಹೀಗೆ ಹೇಳಿದ ಮೇಲೆ ಮಂಡಳಿಯವರು ಗುಲಬರ್ಗಾದವನ ಮಾತು ಕೈಬಿಟ್ಟರು.

ಮೇ ತಿಂಗಳು ಪೂರ್ತಿ ಅವನು ಖಣಿಯ ರಜೆಯ ದಿನ ಬಂದು ಬೂದಿ ರಾಶಿಯ ಪಕ್ಕದಲ್ಲೇ ಊದಿದ. ಧರ್ಮಣ್ಣ ಕಲಿಸಿದ್ದು ಒಂದೇ ಪಾಠ. ಬಾರಿಸುತ್ತ ಬಾರಿಸುತ್ತ, ಹೇಳದೆ ಕೇಳದೆ ಕೈ ಎತ್ತಿಬಿಡುವುದು. ಮೊದಮೊದಲು ಹುಡುಗ ಪ್ರತಿ ಸಲವೂ ನಿಂತ.

“ಮೆಟ್ಟಲಾ ಅದ ಅಂತ ಕಾಲಿಟ್ರ ಇಲ್ಲದಂಗ ಆಗ್ತದ ಕಾಕಾ,” ಎಂದ ಒಮ್ಮೆ.

“ನಾ ನಿಂತೀನಿ ಅಂದ್ರ ತಾಳ ನಿಂತದ ಅಂತ ಯಾರ್ ಹೇಳ್ಯಾರೋ ನಿನಗ? ಸಿಗ್ನಲ್ ದಾಟಿ ಹೋದ ಗಾಡಿ ಕಣ್ಣಿಗೆ ಕಾಣಂಗಿಲ್ಲ. ಓಡೂದು ಬಿಟ್ಟದೇನು? ನಾನೂ ಒಳಗ ಓಡಲಿಕತ್ತೇ ಇರ್ತೀನಿ. ಮುಂದಿನ ಸ್ಟೇಶನ್ನಿಗೆ ಸಿಗ್ತೀನಿ, ನಡಿ.”

ಹಾಲು ತುಂಬಿದೆ. ಕಿಟಕಿಗಳೆಲ್ಲ ತೆರೆದಿವೆ. ಕಪ್ಪು ಹಲಗೆಯ ಮೇಲೆ ಹೆಸರು ಬರೆದಂತೆ ಒಬ್ಬೊಬ್ಬರೇ ಏಳುತ್ತಾರೆ. ಇಸ್ತ್ರಿ ಮಾಡಿದ ಪ್ಯಾಂಟಿನ ಹುಡುಗರು, ಎಣ್ಣೆ ಹಾಕಿ ಹೊಳೆಯಿಸಿದ ವಾದ್ಯಗಳು. ಧರ್ಮಣ್ಣ ಒಂದು ಫರಸಿ ಚಪ್ಪಡಿಯ ಮೇಲೆ ಗೋಣಿ ಹಾಸಿಕೊಂಡು ಕೂತಿದ್ದಾರೆ. ಯಾರು ಓಡುತ್ತಾರೋ ಅವರ ಜೊತೆ ಓಡುತ್ತಾರೆ, ಯಾರು ಹೆದರಿದ್ದಾರೋ ಅವರಿಗೆ ಸ್ವಲ್ಪ ಜೋರಾಗಿ ಬಾರಿಸುತ್ತಾರೆ. ಚಪ್ಪಾಳೆ ಬಿದ್ದಾಗ ಮುಖ ಒರೆಸಿಕೊಳ್ಳುತ್ತಾರೆ.

ಶಿವರಾಯನದು ಕೊನೆಯ ಸರದಿ. ಖಣಿಯ ಕಲ್ಲಿನಿಂದ ಬೆರಳುಗಳು ಒಡೆದಿವೆ. ಧಾಟಿ ಶುದ್ಧವಾಗಿಯೇ ಬರುತ್ತದೆ, ಆದರೆ ಅದನ್ನು ಬಿಟ್ಟು ಹೊರಟ ಮೇಲೆ ಅವನ ಕಣ್ಣು ಕಿಟಕಿ ಬಿಟ್ಟು ಕದಲುವುದಿಲ್ಲ. ದಾರಿ ಖಾಲಿ ಇದೆ. ಆದರೂ ಊದುವುದರಲ್ಲಿ ಅಂಜಿಕೆ ಕೇಳಿಸುತ್ತಿದೆ. ಮುಂದಿನ ಸಾಲಿನಲ್ಲಿ ಅವನ ಅಪ್ಪ ಹಣಮಪ್ಪ ತಲೆಯ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ.

ಆಗ ಹುಡುಗ ಟ್ರಂಪೆಟ್ ಬಾಯಿಂದ ತೆಗೆಯದೆ ಹಿಂದೆ ತಿರುಗಿ ಧರ್ಮಣ್ಣನ ಕಡೆ ನೋಡಿ, ತಲೆ ಅಲ್ಲಾಡಿಸುತ್ತಾನೆ. ನಿಲ್ಲಿಸು ಎನ್ನುವಂತೆ.

ಧರ್ಮಣ್ಣ ನಿಲ್ಲಿಸುತ್ತಾರೆ.

ಗನಿ ಸಾಹೇಬರು ಎದ್ದು ಕಿಟಕಿಗೆ ಹೋಗುತ್ತಾರೆ. ಹೊರಗೆ ಒಂದು ಆಡು ಬಿಟ್ಟರೆ ಯಾರೂ ಇಲ್ಲ. ಒಳಗೆ ಟ್ರಂಪೆಟ್ ಒಂದೇ ಹೋಗುತ್ತಿದೆ, ಜರಾ ಕುಂಟುತ್ತ, ಬೀಳದೆ. ಧರ್ಮಣ್ಣನ ಕೈಗಳು ಮೊಣಕಾಲ ಮೇಲಿವೆ, ಗಲ್ಲ ಮಾತ್ರ ತಾಳಕ್ಕೆ ಮೆಲ್ಲಗೆ ಅಲುಗುತ್ತಿದೆ. ಹುಡುಗ ಈಗ ಕಿಟಕಿಯನ್ನು ನೋಡುತ್ತಿಲ್ಲ. ಅವನು ಧಾಟಿಯ ಮೊದಲ ಸ್ವರಕ್ಕೆ ಕಾಲಿಡುವ ಗಳಿಗೆಗೆ ಸರಿಯಾಗಿ ಡ್ರಮ್ಮಿನ ಪೆಟ್ಟು ಬೀಳುತ್ತದೆ. ಹಾಲಿನಲ್ಲಿ ಯಾರೋ “ವ್ಹಾ!” ಎನ್ನುತ್ತಾರೆ.

ತೀರ್ಪುಗಾರರು ಬಹಳ ಹೊತ್ತು ಮಾತಾಡುತ್ತಾರೆ. ನಿಂತದ್ದು ಡ್ರಮ್, ನುಡಿಸುವವನಲ್ಲ, ಹುಡುಗನ ತಾಳ ಎಲ್ಲಿಯೂ ತಪ್ಪಿಲ್ಲ ಎಂದು ಕೊನೆಗೆ ಒಪ್ಪುತ್ತಾರೆ. ವಿದ್ಯಾರ್ಥಿವೇತನ ಶಿವರಾಯನಿಗೆ.

“ಹೆಣ ಬಂತೋ, ಬಂತೋ ಅಂತ ಅಂಜಿಕೊಂತ ಊದೋದು ಸಾಕಾಯ್ತು,” ಎನ್ನುತ್ತಾನೆ ಅವನು. “ನಾನೇ ನಿಲ್ಲಸಂತ ಹೇಳಿದ ಮ್ಯಾಲ ಅಂಜಾಕ ಏನೂ ಉಳೀಲಿಲ್ಲ.”

ಕುರ್ಚಿಗಳನ್ನು ಮಡಚುವ ಹೊತ್ತಿಗೆ ಗನಿ ಸಾಹೇಬರು ಧರ್ಮಣ್ಣನ ಬಳಿಗೆ ಬರುತ್ತಾರೆ. ದಾರಿಯಲ್ಲಿ ಹೆಣ ಹಾದುಹೋಗುವಾಗ ಡ್ರಮ್ ನಿಲ್ಲಿಸತಕ್ಕದ್ದು, ಅದರಿಂದ ಯಾರ ಅಂಕವೂ ಕಡಿಮೆಯಾಗತಕ್ಕದ್ದಲ್ಲ ಎಂದು ಮುಂದಿನ ವರ್ಷದಿಂದ ನಿಯಮವನ್ನೇ ಮಾಡಿಬಿಡುವುದಾಗಿ ಹೇಳುತ್ತಾರೆ. ಒಳ್ಳೆಯ ಮನಸ್ಸಿನ ಮಾತು.

ಧರ್ಮಣ್ಣ ಡ್ರಮ್ಮಿಗೆ ಧೋತರ ಸುತ್ತುತ್ತಿದ್ದಾರೆ. ಸಂಜೆಯ ಪಾಳಿಗೆ ಹೋಗಬೇಕು.

“ಹುಡುಗೂರ ಅಂಕ ಕಡಿಬ್ಯಾಡ್ರಿ ಸಾಬ್ರ, ಅಷ್ಟು ಬರೀರಿ. ನಿಲ್ಲಿಸಬೇಕು ಅಂತ ಮಾತ್ರ ಬರೀಬ್ಯಾಡ್ರಿ,” ಎನ್ನುತ್ತಾರೆ. “ನಮ್ಮಪ್ಪ ಬಾರಿಸಬೇಕು ಅಂತ ಊರ ಕಟ್ಟಳಿ ಇತ್ತು, ಬಾರಿಸಿದ. ನೀವು ನಿಲ್ಲಿಸಬೇಕು ಅಂತ ಮಾಡಿದ್ರ, ಅದೂ ಬಿಟ್ಟಿ ಚಾಕರಿನೇ ಆಗ್ತದ. ನಿಲ್ಲಿಸೂದು ನಂದು. ಅದೊಂದು ನನಗ ಬಿಡ್ರಿ.”